ಫ್ರಿಜ್ಜಿನಲ್ಲಿಟ್ಟ ಡಿಸ್ಕು

ಬಾಗಿಲು ಮುಂದೆ ಮಾಡಿ, ಹತ್ತಿರ ಬಂದು ಕೂತ್ಕೊಳ್ಳಿ. ಇದು ಯಾರೋ ಕಟ್ಟಿದ ಕತೆಯಲ್ಲ. ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು.

ಅವಳದು ಕಂಪ್ಯೂಟರ್ ರಿಪೇರಿ ಅಂಗಡಿ. ಅವತ್ತು ಶಟರ್ ಎಳೆದು ಮನೆಗೆ ಹೊರಟಾಗ ಎಂಟೂವರೆ ದಾಟಿತ್ತು. ಬೀದಿಗೆಲ್ಲ ಕರೆಂಟ್ ಹೋಗಿತ್ತು. ದಾರಿಯಲ್ಲೊಂದು ಹಾಳು ಬಾವಿ. ಮೇಲೆ ಕಬ್ಬಿಣದ ಜಾಲರಿ ಮುಚ್ಚಿ ಬೀಗ ಹಾಕಿದ್ದಾರೆ. ಹನ್ನೆರಡು ವರ್ಷದಿಂದ ಅದರ ಪಕ್ಕದಲ್ಲೇ ಓಡಾಡಿದವಳು, ಒಂದು ದಿನವೂ ಅದರ ಕಡೆ ತಿರುಗಿ ನೋಡಿದವಳಲ್ಲ. ಅವತ್ತು ಬಾವಿ ದಾಟಿ ನಾಲ್ಕು ಹೆಜ್ಜೆ ಇಟ್ಟಿರಬೇಕು...

ಟಿಕ್.

ನಿಂತಳು. ಚಪ್ಪಲಿಗೆ ಕಲ್ಲು ಸಿಕ್ಕಿತೇನೋ ಅಂತ ಕಾಲು ಕೊಡವಿದಳು.

ಟಿಕ್... ಟಿಕ್... ಆಮೇಲೆ ಸಣ್ಣಗೆ, ಕರ್‌ರ್...

ಬಾವಿಯಿಂದಲ್ಲ. ಅವಳ ಹೆಗಲಿನ ಚೀಲದಿಂದ. ಚೀಲದಲ್ಲಿದ್ದದ್ದು ಊಟದ ಡಬ್ಬಿ, ಛತ್ರಿ, ಒಂದು ಹಾರ್ಡ್ ಡಿಸ್ಕ್. ಅದಕ್ಕೆ ತಂತಿಯಿಲ್ಲ, ಬ್ಯಾಟರಿಯಿಲ್ಲ. ಅದು ಸತ್ತು ಐದು ದಿನವಾಗಿತ್ತು. ಕೊಂದವಳು ಇವಳೇ.

ಅದು ಹೇಗೆ ಅಂತ ಹೇಳಿಬಿಡ್ತೀನಿ.

ಬೀದಿಯವರೆಲ್ಲ ಇವಳನ್ನು ಡಾಕ್ಟ್ರಮ್ಮ ಅನ್ನುತ್ತಿದ್ದರು. ಯಾವ ಯಂತ್ರ ಸದ್ದು ಮಾಡಿದರೂ ಸ್ಕ್ರೂಡ್ರೈವರಿನ ಮೊನೆಯನ್ನು ಅದರ ಮೈಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುವಳು. ಸುಂಯ್ ಅಂತ ಒಂದೇ ಸಮ ಬಂದರೆ ಆರೋಗ್ಯ. ಗುಂಯ್ ಅಂತ ಏರಿ ಇಳಿದರೆ ಮೋಟಾರಿನ ಕಾಯಿಲೆ. ಟಿಕ್ ಟಿಕ್ ಅಂದರೆ, ಒಳಗೆ ತಟ್ಟೆಯ ಮೇಲೆ ಆಡುತ್ತಾ ಓದುವ ಸೂಜಿಗೆ ದಾರಿ ಸಿಗುತ್ತಿಲ್ಲ ಅಂತ ಅರ್ಥ. ಇದನ್ನೆಲ್ಲ ಯಾವ ಕಾಲೇಜೂ ಕಲಿಸಲಿಲ್ಲ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಇಂಗ್ಲಿಷ್ ಪುಸ್ತಕವನ್ನು ಒಂದೊಂದೇ ಸಾಲು ಬಿಡಿಸಿ ಓದಿ ಕಲಿತದ್ದು. ಆ ಜಂಬವೂ ಇತ್ತು. ಯಾಕಿರಬಾರದು? "ಇದು ನನ್ನ ಕೈಲಿ ಆಗಲ್ಲ" ಎಂಬ ಮಾತನ್ನು ಆ ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ. ಡಿಸ್ಕನ್ನು ನೆಲಕ್ಕೆ ಬೀಳಿಸಿ, "ತಾನಾಗೇ ಕೆಟ್ಟೋಯ್ತು ಮೇಡಂ" ಅಂತ ಬರುವವರಿಗೆ ಚೆನ್ನಾಗಿ ಚಳಿ ಬಿಡಿಸುತ್ತಿದ್ದಳು: "ಬೀಳಿಸಿದ್ರೆ ಬೀಳಿಸ್ದೆ ಅನ್ನಿ. ನನ್ನ ಹತ್ರ ಸುಳ್ಳು ಮಾತ್ರ ಬೇಡ."

ಆ ಡಿಸ್ಕ್ ತಂದುಕೊಟ್ಟವಳು ಎದುರು ಸಾಲಿನ ಟೈಲರಕ್ಕ. ಗಂಡ ತೀರಿಕೊಂಡು ವರ್ಷವಾಗಿತ್ತು. ಅವಳಿಗೆ ಓದು ಬರಲ್ಲ. ಅದಕ್ಕೇ ಗಂಡ ಬದುಕಿದ್ದಾಗ ಒಂದು ದಪ್ಪ ಕಾದಂಬರಿ, ಯಾರೋ ದೋಣಿಯವನ ಕತೆ, ದಿನಕ್ಕಿಷ್ಟು ಅಂತ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಟ್ಟಿದ್ದ. ಹೆಂಡತಿ ಹೊಲಿಯುತ್ತಾ ಕೇಳಲಿ ಅಂತ. ಆ ಮನುಷ್ಯನ ಧ್ವನಿ ಅಂತ ಈ ಲೋಕದಲ್ಲಿ ಉಳಿದಿದ್ದರೆ ಅದೊಂದೇ ಡಿಸ್ಕಿನಲ್ಲಿ.

"ಮೊನ್ನೆಯಿಂದ ಟಿಕ್ ಟಿಕ್ ಅಂತಿದೆ ಕಣೇ. ನನ್ನ ಮೆಷಿನ್ನೇ ಇರಬೇಕು ಅಂತ ಎರಡು ಸಲ ಎಣ್ಣೆ ಬಿಟ್ಟೆ."

"ಅಯ್ಯೋ, ಡಿಸ್ಕಿಗಾ?"

"ಅಷ್ಟೂ ತಿಳಿಯಲ್ವಾ ನಂಗೆ? ಹೊಲಿಗೆ ಮೆಷಿನ್ನಿಗೆ." ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು. "ದೊಡ್ಡ ಊರಲ್ಲಿ ಇದಕ್ಕೇ ಅಂತ ಲ್ಯಾಬ್ ಇದೆಯಂತಲ್ಲ... ಅಲ್ಲಿಗೆ ಕಳಿಸೋಣ್ವಾ?"

"ನಾನಿರೋವಾಗ ಲ್ಯಾಬ್ ಯಾಕಕ್ಕ?"

ಆ ಒಂದು ಮಾತು ಆಡಬಾರದಿತ್ತು.

ಸ್ಕ್ರೂಡ್ರೈವರ್ ಕಿವಿಗಿಟ್ಟ ಕೂಡಲೇ ಅವಳಿಗೆ ತಿಳಿಯಿತು. ಟಿಕ್, ಟಿಕ್, ಟಿಕ್, ಒಂದು ಕ್ಷಣ ಮೌನ, ಮತ್ತೆ ಟಿಕ್. ಇಂಥ ಸದ್ದು ಬಂದರೆ ತಕ್ಷಣ ಕರೆಂಟ್ ತೆಗೆ, ಮತ್ತೆ ಹಾಕಬೇಡ, ಧೂಳಿಲ್ಲದ ಕೋಣೆಯಿರುವ ಲ್ಯಾಬಿಗೆ ಕಳಿಸು ಅಂತ ಪುಸ್ತಕದಲ್ಲಿತ್ತು. ಆ ಸಾಲಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದವಳೂ ಇವಳೇ. ಪುಸ್ತಕವನ್ನು ಮಗುಚಿಟ್ಟಳು.

ಹಿಂದೊಮ್ಮೆ ತನ್ನದೇ ಹಳೇ ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಾತ್ರಿಯಿಡೀ ಮನೆಯ ಫ್ರಿಜ್ಜಿನ ಐಸ್ ಖಾನೆಯಲ್ಲಿಟ್ಟಿದ್ದಳು. ಬೆಳಿಗ್ಗೆ ಅದು ಇಪ್ಪತ್ತು ನಿಮಿಷ ಓಡಿತ್ತು. ಒಂದು ಸಲ ಫಲಿಸಿದ್ದೇ ಸಾಕಾಯಿತು, ಅದನ್ನೇ ಮದ್ದು ಅಂತ ನಂಬಿಬಿಟ್ಟಳು. ಟೈಲರಕ್ಕನ ಡಿಸ್ಕೂ ಹಾಗೇ ಬಟಾಣಿ ಪೊಟ್ಟಣದ ಪಕ್ಕ ಹೋಗಿ ಮಲಗಿತು.

ಬೆಳಿಗ್ಗೆ ತೆಗೆದು ಕನೆಕ್ಷನ್ ಕೊಟ್ಟಳು. ಸುಂಯ್... ಏರಿತು. ಪರದೆಯ ಮೇಲೆ ಅಧ್ಯಾಯಗಳು ಸಾಲಾಗಿ ಮೂಡಿದವು. ಒಂದು, ಎರಡು, ಮೂರು... ಅವಳ ಮುಖ ಅರಳಿತು.

ಕೀಂಂಂಯ್!

ಅಷ್ಟೇ. ಮುಚ್ಚಳ ಬಿಚ್ಚಿ ನೋಡಿದರೆ ಕನ್ನಡಿಯಂಥ ತಟ್ಟೆಯ ಮೇಲೆ ಮಂಜಿನ ಹನಿ ಕೂತಿತ್ತು. ಆ ತೇವದಲ್ಲಿ ಸೂಜಿ ಕಚ್ಚಿಕೊಂಡು ಸುತ್ತಲೂ ಆಳವಾಗಿ ಗೀರಿತ್ತು. ಬದಿಯಲ್ಲೆಲ್ಲ ಬೂದು ಪುಡಿ. ಆ ಪುಡಿಯೇ ಒಬ್ಬ ಮನುಷ್ಯನ ಧ್ವನಿ.

ಮಧ್ಯಾಹ್ನ ಟೈಲರಕ್ಕ ಬಂದಳು. ಇವಳ ಬಾಯಿಂದ ಹೊರಟದ್ದು ಇದು: "ಬರುವಾಗಲೇ ಹೋಗಿತ್ತಕ್ಕ. ಯಾರ ಕೈಲೂ ಆಗ್ತಿರ್ಲಿಲ್ಲ."

ಅಕ್ಕ ಬೈಯಲಿಲ್ಲ. ಎರಡೂ ಕೈ ಹಿಡಿದುಕೊಂಡಳು. "ಬಿಡು ತಾಯಿ. ನೀನು ಇಷ್ಟು ಕಷ್ಟ ಪಟ್ಯಲ್ಲ, ಅದೇ ಸಾಕು. ಇದು ನಿನ್ನ ಹತ್ರಾನೇ ಇರ್ಲಿ. ಮನೇಲಿ ಕಂಡ್ರೆ ಸಂಕಟ ಆಗುತ್ತೆ."

ಅಲ್ಲಿಗೆ ಮುಗಿಯಲಿಲ್ಲ. ಐದು ದಿನ ಅಕ್ಕ ತನ್ನ ಗಿರಾಕಿಗಳ ಮುಂದೆಲ್ಲ ಡಾಕ್ಟ್ರಮ್ಮನ ಗುಣಗಾನ ಮಾಡಿದಳು. ಬೀದಿ ಕಿರಿದು. ಪ್ರತಿ ಮಾತೂ ಈಚೆ ಕೇಳುತ್ತಿತ್ತು. ಕೇಳಿದಾಗಲೆಲ್ಲ ಇವಳಿಗೆ ಕಿವಿ ಸುಡುತ್ತಿತ್ತು. ಶಟರನ್ನು ಅರ್ಧಕ್ಕೆ ಎಳೆದು, ಗೋಡೆ ಕಡೆ ಮುಖ ಮಾಡಿ ಕೂತಳು. ಆಗ ಕಪಾಟಿನಲ್ಲಿದ್ದ ಡಿಸ್ಕೇ ಕಣ್ಣಿಗೆ ಬೀಳುತ್ತಿತ್ತು. ಮನೆಗೆ ಒಯ್ದು ಅಟ್ಟದ ಮೇಲೆ ಎಸೆದರೆ ಸರಿ ಅಂತ ಐದನೇ ದಿನ ಚೀಲಕ್ಕೆ ಹಾಕಿಕೊಂಡು ಹೊರಟಳು. ಬಾವಿಯ ಹತ್ತಿರ ಟಿಕ್ ಅಂದದ್ದು ಅದೇ.

ಹೇಗೆ ಮನೆ ಸೇರಿದಳೋ. ಅವಳಮ್ಮ, ನಮ್ಮ ದೊಡ್ಡಮ್ಮ, ಮೇಣದ ಬತ್ತಿ ಹಚ್ಚಿಕೊಂಡು ಕೂತಿದ್ದರು. ಇವಳು ಡಿಸ್ಕನ್ನು ಮೇಜಿನ ಮೇಲಿಟ್ಟು, ಸ್ಕ್ರೂಡ್ರೈವರ್ ಹಿಡಿದು ಕಿವಿಗೆ ಒತ್ತಿದಳು.

ಟಿಕ್... ಟಿಕ್... ಕರ್‌ರ್... ಆಮೇಲೆ ಸುಂಯ್. ಒಂದೇ ಸಮ. ಆರೋಗ್ಯವಾದ ಡಿಸ್ಕಿನ ಸದ್ದು.

ಮುಚ್ಚಳ ತೆಗೆದಳು. ಬತ್ತಿಯನ್ನು ಹತ್ತಿರ ತಂದಳು. ತಟ್ಟೆ ತಿರುಗುತ್ತಿಲ್ಲ. ಗೀರು ಹಾಗೇ ಇದೆ. ಸೂಜಿ ಮೂಲೆಯಲ್ಲಿ ಅಲುಗದೆ ನಿಂತಿದೆ. ಆದರೂ ಸುಂಯ್ ನಿಂತಿಲ್ಲ...

ಅಹ್ಹಂ.

ಯಾರೋ ಗಂಟಲು ಸರಿ ಮಾಡಿಕೊಂಡರು. ಸರ್‌ರ್ ಅಂತ ಒಂದು ಹಾಳೆ ಮಗುಚಿತು.

"ಅಮ್ಮಾ..." ಉಸಿರಿನಲ್ಲೇ ಕರೆದಳು. "ಕೇಳಿಸ್ತಾ?"

"ಯಾರೇ ಅದು?"

"ನಿಂಗೂ ಕೇಳಿಸ್ತಾ?"

"ಗಂಡಸು... ಏನೋ ಓದ್ತಿದಾನೆ."

ಇಬ್ಬರೂ ಡಿಸ್ಕಿನ ಮೇಲೆ ಬಗ್ಗಿದರು. ಧ್ವನಿ ದೂರದಿಂದ ಬಂದ ಹಾಗಿತ್ತು, ಆದರೆ ಒಂದೊಂದು ಮಾತೂ ಬಿಡಿಬಿಡಿ: "ದೋಣಿಯವನು ಹುಟ್ಟನ್ನು ಒಳಗೆಳೆದುಕೊಂಡ. ನೀರು ಒಯ್ದಷ್ಟು ದೂರ ಹೋದರಾಯಿತು ಅಂದುಕೊಂಡ."

ಅಷ್ಟಕ್ಕೇ ಧ್ವನಿ ನಿಂತಿತು.

"ಏನು ಮಾಡಿದ್ಯೇ ನೀನು?" ದೊಡ್ಡಮ್ಮ ಪಿಸುಗುಟ್ಟಿದರು.

ಹೇಳಿದಳು. ಫ್ರಿಜ್ಜು, ಮಂಜು, ಸುಳ್ಳು, ಎಲ್ಲ.

"ಬಟಾಣಿ ಪಕ್ಕ ಇಟ್ಟಿದ್ದು ಅದನ್ನಾ! ನಾನು ಯಾವುದೋ ರೇಡಿಯೋ ಸಾಮಾನು ಅಂದ್ಕೊಂಡೆ." ಆಮೇಲೆ ಕೇಳಿದರು, "ನನಗ್ಯಾಕೆ ಹೇಳ್ತೀಯಾ ಇದನ್ನ?"

"ಮತ್ತೆ ಯಾರಿಗೆ ಹೇಳ್ಲಿ?"

"ಗೊತ್ತಿದ್ದೂ ಕೇಳ್ತೀಯಲ್ಲ."

ಬೆಳಿಗ್ಗೆ ಹೋದಳು. ಟೈಲರಕ್ಕ ಮೆಷಿನ್ ತುಳಿಯುತ್ತಿದ್ದಳು. ಡಿಸ್ಕನ್ನು ಮೆಷಿನ್ನಿನ ಹಲಗೆಯ ಮೇಲಿಟ್ಟು, ನಿಂತುಕೊಂಡೇ ಒಂದೇ ಉಸಿರಿಗೆ ಹೇಳಿಬಿಟ್ಟಳು. ನಾನೇ ಹಾಳು ಮಾಡಿದ್ದು ಅಕ್ಕ. ಲ್ಯಾಬಿಗೆ ಕಳಿಸಿದ್ರೆ ಉಳೀತಿತ್ತೇನೋ. ನನ್ನ ಕೈಲಿ ಆಗಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ.

ಮೆಷಿನ್ನಿನ ಚಕ್ರ ಗಡ್ ಅಂತ ನಿಂತಿತು.

"ಐದು ದಿನ," ಅಂದಳು ಅಕ್ಕ. "ಐದು ದಿನ ನಿನ್ನ ಹೊಗಳ್ಕೊಂಡು ಕೂತಿದ್ದೆನಲ್ಲೇ. ಒಂದು ಸಲ ಬಂದು ಬಾಯಿ ಮುಚ್ಚಿಸಬಾರ್ದಿತ್ತಾ?"

ಇವಳು ನೆಲದ ಮೇಲೆ ಬಿದ್ದಿದ್ದ ಬಟ್ಟೆ ಚೂರುಗಳನ್ನೇ ನೋಡುತ್ತಾ, ರಾತ್ರಿ ಕೇಳಿದ್ದನ್ನೂ ಹೇಳಿದಳು. ನಂಬಲ್ಲ, ಇನ್ನೊಂದು ಸುಳ್ಳು ಅನ್ನುತ್ತಾಳೆ ಅಂದುಕೊಂಡೇ ಹೇಳಿದಳು.

"ಏನು ಓದ್ತಿದ್ರು?"

ದೋಣಿ, ಹುಟ್ಟು, ನೀರು. ಇವಳು ಸಾಲನ್ನು ಹಾಗೇ ಒಪ್ಪಿಸಿದಳು.

ಟೈಲರಕ್ಕನ ಕೈಯಿಂದ ಕತ್ತರಿ ಜಾರಿತು. "ಅವರು ಓದಿದ್ದಷ್ಟೂ ನಂಗೆ ಬಾಯಿಪಾಠ. ಆ ಸಾಲು ಅದರಲ್ಲಿಲ್ಲ. ದೋಣಿ ಇನ್ನೂ ನೀರಿಗೇ ಇಳಿದಿರ್ಲಿಲ್ಲ... ಅಷ್ಟರಲ್ಲಿ ಅವರನ್ನ ಆಸ್ಪತ್ರೆಗೆ ಸೇರಿಸಿದ್ವಿ."

ಅಕ್ಕ ಬಗ್ಗಿ ಕತ್ತರಿ ಎತ್ತಿಕೊಂಡಳು. ಆಮೇಲೆ ಡಿಸ್ಕಿನ ಮೇಲೆ ಕೈಯಿಟ್ಟು, "ಇದು ಇಲ್ಲೇ ಇರುತ್ತೆ. ನೀನು ಹೋಗು," ಅಂದಳು.

ಮೂರು ತಿಂಗಳು ಮುಖ ಕೊಟ್ಟು ಮಾತಾಡಿಸಲಿಲ್ಲ. ಇವಳೂ ಹಲ್ಲು ಗಿಂಜಿಕೊಂಡು ಹತ್ತಿರ ಹೋಗಲಿಲ್ಲ. ಯಾರಾದರೂ ಡಾಕ್ಟ್ರಮ್ಮ ಅಂದರೆ, "ಹಾಗನ್ಬೇಡಿ" ಅನ್ನುವಳು. ಯಾಕೆ ಅಂದರೆ, ಯಾಕೆ ಅಂತಲೂ ಹೇಳುವಳು. ಒಬ್ಬೊಬ್ಬರಿಗೆ ಹೇಳುವಾಗಲೂ ಮೊದಲ ದಿನದಷ್ಟೇ ಮುಖ ಕೆಂಪಾಗುತ್ತಿತ್ತು.

ಆಮೇಲೆ ಒಂದು ಮಟಮಟ ಮಧ್ಯಾಹ್ನ ಆಚೆಯಿಂದ ಕೂಗು ಬಂತು. "ಬಾರೇ ಇಲ್ಲಿ. ಮೆಷಿನ್ ಸೂಜಿಗೆ ದಾರ ಪೋಣಿಸಿಕೊಡು. ಕಣ್ಣು ಕಾಣ್ತಿಲ್ಲ."

ಹೋದಳು. ಡಿಸ್ಕು ಹಲಗೆಯ ಮೇಲೆ ಅದೇ ಜಾಗದಲ್ಲಿತ್ತು. ತಂತಿಯಿಲ್ಲ, ಏನಿಲ್ಲ. ಮೇಲೊಂದು ಅಳತೆ ಟೇಪು ಸುತ್ತಿಟ್ಟಿತ್ತು. ಸದ್ದೂ ಇರಲಿಲ್ಲ. ಕೇಳಲೋ ಬೇಡವೋ ಅಂತ ತುಟಿ ಕಚ್ಚಿಕೊಂಡಿದ್ದಳು. ಅಕ್ಕನೇ, ಬಟ್ಟೆ ಮಡಿಸುತ್ತಾ, ತಲೆ ಎತ್ತದೆ ಹೇಳಿದಳು: "ದೋಣಿಯವನು ಇವತ್ತು ಬೆಳಿಗ್ಗೆ ದಡ ಮುಟ್ಟಿದ."

ಇವಳು ದಾರ ಪೋಣಿಸಲು ಬಗ್ಗಿದಳು. ಆಸರೆಗೆ ಅಂತ ಎಡಗೈಯನ್ನು ಹಲಗೆಯ ಮೇಲೂರಿದಳು. ಕೈ ಡಿಸ್ಕಿನ ಮೇಲೆ ಬಿತ್ತು.

ನಗುವವರು ನಗಿ. ಇದು ಅವಳು ಸುಳ್ಳು ಹೇಳುವುದನ್ನು ಬಿಟ್ಟ ಮೇಲೆ ಹೇಳಿದ ಮಾತು, ಅದಕ್ಕೇ ನಾನು ನಂಬ್ತೀನಿ. ಬೆಳಿಗ್ಗೆಯಿಂದ ಓಡಿದ ಡಿಸ್ಕು ಎಷ್ಟು ಬೆಚ್ಚಗಿರುತ್ತೆ ಅಂತ ಅವಳ ಕೈಗೆ ಗೊತ್ತು. ಅಷ್ಟೇ ಬೆಚ್ಚಗಿತ್ತಂತೆ.