ಬಳೆ ಬುಟ್ಟಿಗೆ ಬಂದ ಮೂರು ತೀರ್ಪು

ಮಾನ್ಯ ಅಧ್ಯಕ್ಷರೇ, ಬೆಂಗಳೂರಿನಿಂದ ಧೂಳು ಕುಡಿದುಕೊಂಡು ನಮ್ಮ ಕೊರಟಗೆರೆಗೆ ಬಂದಿರುವ ಮುಖ್ಯ ಅತಿಥಿಗಳೇ, ಸಂತೆ ವ್ಯಾಪಾರ ಬಿಟ್ಟು ಬಂದು ಕೂತಿರುವ ಸಭಿಕರೇ,

ಶಾಲು ಸಿದ್ಧವಾಗಿದೆ, ಹಾರ ಸಿದ್ಧವಾಗಿದೆ. ಆದರೆ ಸನ್ಮಾನ ಮಾಡಿಸಿಕೊಳ್ಳಬೇಕಾದ ಶಿರಾದ ಬಳೆಗಾರ್ತಿ ಅಮೀರ್ ಬಿಯವರು ಮುಂದಿನ ಸಾಲಿನಿಂದ ಏಳುತ್ತಿಲ್ಲ. ಯಾರಿಗೋ ಬಳೆ ತೊಡಿಸುತ್ತಿದ್ದಾರೆ. ಹೆಂಗಸರು ಮುತ್ತಿಕೊಂಡಿರುವುದರಿಂದ ಯಾರ ಕೈಯೋ ಇಲ್ಲಿಗೆ ಕಾಣುವುದಿಲ್ಲ. ಅದು ಮುಗಿಯುವ ತನಕ ತೀರ್ಪಿನ ಬಗ್ಗೆ ನಾಲ್ಕು ಮಾತಾಡಿ ಎಂದು ಅಧ್ಯಕ್ಷರು ನನ್ನನ್ನು ಎಬ್ಬಿಸಿದ್ದಾರೆ. ಮೂರು ಕೋರ್ಟಿನಲ್ಲೂ ಇವರೆದುರು ಸೋತ ವಕೀಲ ನಾನು. ತೀರ್ಪನ್ನು ಸೋತವನಷ್ಟು ಗಮನವಿಟ್ಟು ಓದುವವರು ಇನ್ಯಾರಿದ್ದಾರೆ?

ನನ್ನ ಕಕ್ಷಿದಾರರು ಸಂತೆ ಗುತ್ತಿಗೆದಾರ ಚಿಕ್ಕನರಸಯ್ಯನವರು. ನಮ್ಮ ಸಂತೆಯ ಹುಣಸೆಮರದ ನೆರಳಲ್ಲಿ ಸೋಡಾ ಅಂಗಡಿ ಹಾಕಬೇಕೆಂಬುದು ಅವರ ಆಸೆ. ಆ ನೆರಳಲ್ಲಿ ವರ್ಷಗಳಿಂದ ಅಮೀರ್ ಬಿಯವರ ಬುಟ್ಟಿ. ನೆರಳು ಹೋದರೆ ಆಕೆಯ ಅನ್ನವೇ ಹೋದಂತೆ. ಸುಡುವ ಬಿಸಿಲಲ್ಲಿ ಯಾವ ಹೆಣ್ಣುಮಗಳು ಬಳೆಗೆ ಕೈ ಚಾಚುತ್ತಾಳೆ? ಜಾಗ ಬಿಡಿ ಎಂದು ನಮ್ಮವರು ಪಟ್ಟು ಹಿಡಿದಾಗ ಆಕೆ ಮಧುಗಿರಿ ಮುನ್ಸೀಫ್ ಕೋರ್ಟಿಗೆ ಹೋದರು. ನಾನು ಒಂದೇ ಮಾತು ಹಿಡಿದೆ: ದೀಪಾವಳಿ ಸಂತೆಗೆ ಮೊದಲೇ ಆಕೆ ಜಾಗ ಬಿಟ್ಟು ಹೋಗಿದ್ದರು, ಜಾಗದಲ್ಲೇ ಇಲ್ಲದವರಿಗೆ ರಕ್ಷಣೆ ಎಲ್ಲಿಯದು?

ಆಗ ಎದುರು ಪಕ್ಷದ ಸಾಕ್ಷಿಯನ್ನು ಕರೆದರು. ಕಟಕಟೆ ಹತ್ತಿದ್ದು ಯಾರು? ನನ್ನ ಹೆಂಡತಿ ಪಾಪಕ್ಕ!

ಮನೆಯಲ್ಲಿ ಒಂದು ಮಾತು ಹೇಳಬಾರದಿತ್ತೇ ಎಂದು ಆಮೇಲೆ ಕೇಳಿದೆ. "ನೀವು ಯಾವತ್ತು ಕೇಳಿದ್ರಿ?" ಅಂದಳು. ಅದು ಬೇರೆ ಮೊಕದ್ದಮೆ, ಬಿಡಿ.

ಪಾಪಕ್ಕ ಹೇಳಿದಳು: "ದೀಪಾವಳಿ ಸಂತೇಲಿ ಅಲ್ಲೇ ಬಳೆ ತೊಡ್ತಿದ್ದೆ ಸ್ವಾಮಿ. ಎಡಗೈ ಮುಗಿದಿತ್ತು, ಬಲಗೈ ಅರ್ಧ ಆಗಿತ್ತು. ಎಬ್ಬಿಸಕ್ಕೆ ಆಳುಗಳು ಬಂದ್ರು. ಅಮೀರ್ ಬಿ ನನ್ ಕೈ ಬುಡಲೇ ಇಲ್ಲ. ಅರ್ಧ ಕೈ ಬಳೆ ತೊಟ್ಟೋಳ್ನ ಯಾರಾದ್ರೂ ಎಬ್ಬಿಸ್ತಾರಾ? ಅವ್ರೂ ಹೆಣ್ಮಕ್ಕಳಿರೋರು, ಸುಮ್ನೆ ಹೋದ್ರು."

ಅಲ್ಲಿಗೆ ನಾನು ಕೂತಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಕೂರಲಿಲ್ಲ. "ಅದು ದೀಪಾವಳಿ ಸಂತೆಯೇ ಅಂತ ಹೇಗೆ ಹೇಳ್ತೀರಿ? ವಾರವಾರವೂ ಸಂತೆ ಇರುತ್ತಲ್ಲ?" ಎಂದು ಗುಡುಗಿದೆ.

"ಅವತ್ತು ಸಂಜೆ ನೀವೇ ಕೇಳಿದ್ರಲ್ಲ, ಹಬ್ಬಕ್ಕೆ ಹಸಿರು ಬಳೆ ತೊಟ್ಯಾ ಅಂತ? ಮದ್ವೆ ಆದಾಗಿಂದ ನೀವು ನನ್ ಕೈ ನೋಡಿದ್ದು ಅದೊಂದೇ ಸಲ. ಹೆಂಗ್ರೀ ಮರೀಲಿ?"

ಕೋರ್ಟೇ ನಕ್ಕಿತು. ಮುನ್ಸೀಫರು ಕನ್ನಡಕ ಒರೆಸಿಕೊಂಡರು. ನನಗೆ ಮಾತ್ರ ನಗು ಬರಲಿಲ್ಲ ಸಭಿಕರೇ. ಆ ಬಳೆಗಳು ನನಗೂ ನೆನಪಿದ್ದವು. ಅವು ಅವಳ ಕೈಗೆ ಬಹಳ ಒಪ್ಪಿದ್ದವು.

ಇನ್ನು ತೀರ್ಪಿನ ವಿಚಾರ. ಮುನ್ಸೀಫರು ಬಹಳ ಉದ್ದ ಬರೆದರು: ಆಕೆ ಜಾಗ ಬಿಟ್ಟಿಲ್ಲ, ಸಾಕ್ಷಿ ನಂಬತಕ್ಕದ್ದು. ಮೇಲ್ಮನವಿಯ ಮೆಟ್ಟಿಲು ಹತ್ತಿ ಹೈಕೋರ್ಟಿಗೆ ಹೋದೆ. ಅವರು ಅದರ ಅರ್ಧ ಬರೆದರು: ನೆಲೆಯಾಗಿ ಕೂತವರನ್ನು ತೋಳ್ಬಲದಿಂದ ಎಬ್ಬಿಸುವಂತಿಲ್ಲ, ಎಬ್ಬಿಸಬೇಕಾದರೆ ಕಾನೂನಿನ ದಾರಿಯಲ್ಲೇ ಬನ್ನಿ. ಸುಪ್ರೀಂ ಕೋರ್ಟು ಒಂದೇ ಸಾಲು: ನಾವು ಕೈ ಹಾಕಲು ಕಾರಣವಿಲ್ಲ. ಮೇಲೆ ಹೋದಷ್ಟೂ ತೀರ್ಪು ಚಿಕ್ಕದಾಯಿತು, ನನ್ನ ಮುಖವೂ ಚಿಕ್ಕದಾಯಿತು! ಆದರೆ ಇವತ್ತು ಪಾವಗಡದ ಸಂತೆಯಲ್ಲಿ ಹೂ ಮಾರುವ ಕದರಮ್ಮನನ್ನು ಎಬ್ಬಿಸಲು ಹೋದವರಿಗೂ ಇದೇ ತೀರ್ಪು ಅಡ್ಡ ಬರುತ್ತದೆ. ಇಂಥ ತೀರ್ಪಿನಲ್ಲಿ ಸೋತವನ ಹೆಸರಾದರೂ ಇರುವುದು ಭಾಗ್ಯವಲ್ಲವೇ? ಚಿಕ್ಕನರಸಯ್ಯನವರೇ ಹಾರ ತಂದಿದ್ದಾರೆ. ಸೋಡಾ ಅಂಗಡಿ ಮರದ ಆಚೆ ಬದಿಗೆ ಬಂದಿದೆ, ಬಳೆಗೆ ಬಂದವರೆಲ್ಲ ಅಲ್ಲೇ ಕುಡಿಯುತ್ತಾರೆ.

ಹಾಂ, ಅಮೀರ್ ಬಿಯವರು ಎದ್ದರು. ಹೆಂಗಸರೇ, ಸ್ವಲ್ಪ ಸರಿಯಿರಿ, ಬಳೆ ತೊಟ್ಟವರು ಯಾರು ನೋಡೋಣ. ಓಹೋ! ಪಾಪಕ್ಕ!

ಕೈ ಎತ್ತು. ಇನ್ನೂ ಮೇಲೆ. ಕೆಂಪು ಬಳೆ. ಎರಡು ಕೈಗೂ ಪೂರ್ತಿ. ನೋಡಿದೆ ಕಣೇ, ಇಡೀ ಸಭೆಯ ಎದುರಿಗೆ ನೋಡಿದೆ. ಇದು ಎರಡನೆಯ ಸಲ, ದಾಖಲಾಗಲಿ.

ಇಷ್ಟು ಹೊತ್ತು ಸಹಿಸಿಕೊಂಡ ಎಲ್ಲರಿಗೂ ವಂದನೆಗಳು. ನಮಸ್ಕಾರ.