ಕಾಫಿ ಕುಡಿದ ರಕ್ತ

ಕಡೂರು ನಿಲ್ದಾಣಕ್ಕೆ ರೈಲು ಬರುವುದರಲ್ಲಿತ್ತು. ನನ್ನ ಪಕ್ಕದ ಯುವತಿ ರಕ್ತದ ಮಾದರಿಗಳಿದ್ದ ಐಸ್ ಪೆಟ್ಟಿಗೆಯನ್ನು ಎತ್ತಿಕೊಂಡಳು. ಅವಳ ಸೋದರತ್ತೆ ಥಟ್ಟನೆ ತೋಳು ಹಿಡಿದರು.

“ಸ್ಫೂರ್ತಿ, ಬೈಬೇಡ ಕಣೇ. ಬೆಳಿಗ್ಗೆ ರಕ್ತ ಕೊಡಕ್ಕೆ ಬಂದೋರಿಗೆಲ್ಲ ಮೊದ್ಲೇ ಕಾಫಿ ಕೊಟ್ಬಿಟ್ಟಿದ್ದೆ.”

“ಅತ್ತೆ! ಖಾಲಿ ಹೊಟ್ಟೇಲಿರ್ಬೇಕು ಅಂದಿದ್ನಲ್ಲ!”

“ಮನೆಗ್ ಬಂದೋರ್ನ ಸುಮ್ನೆ ಕೂರ್ಸಕ್ಕಾಗುತ್ತಾ?”

“ಉಪವಾಸದ ರಕ್ತದಲ್ಲಿ ಏನಿರುತ್ತೆ ಅನ್ನೋದೇ ನನ್ನ ಪಿಎಚ್.ಡಿ.”

“ನಾನ್ ಬಾಯ್ಬಿಡಲ್ಲ. ಯಾರಿಗ್ ಗೊತ್ತಾಗುತ್ತೆ?”

“ಲ್ಯಾಬಿನ ಮಷೀನಿಗೆ ಗೊತ್ತಾಗುತ್ತೆ. ಕಾಫಿ ಕುಡಿದಿದ್ದು ರಕ್ತದಲ್ಲೇ ಕಾಣುತ್ತೆ.”

ರೈಲು ಬಂದು ನಿಂತಿತು. ಅವಳು ಹತ್ತಲಿಲ್ಲ.

“ನಡಿ, ಸಿಂಗಟಗೆರೆಗೇ ವಾಪಸ್. ನಾಳೆ ಮತ್ತೆ ತೆಗೀತೀನಿ.”

“ಮತ್ತೆ ಸೂಜಿ ಅಂದ್ರೆ ಯಾರ್ ಬರ್ತಾರೆ?”

“ನೀನೇ ಕರೀಬೇಕು.”

“ಕಾಫಿಗೆ ಅಂತ್ಲೇ ಕರೀತೀನಿ. ಸೂಜಿ ಆದ್ಮೇಲೇ ಕಾಫಿ ಅಂತ ನೀನೇ ಹೇಳು.”

ಅತ್ತೆ ಪೆಟ್ಟಿಗೆಯನ್ನು ತಾವೇ ಹೊತ್ತು ಬಸ್ ನಿಲ್ದಾಣದತ್ತ ನಡೆದರು.