ದಾನವ್ವ ತೋರಿಸಿದ ಮನೆ

ಅದು ನೇಕಾರರ ಊರು. ಆ ಊರಿಗೊಬ್ಬ ಸಾಹುಕಾರ. ಹೆಸರು ಮುರಿಗೆಪ್ಪ ಅಂತ ಇಟ್ಟುಕೊಳ್ಳೋಣ. ಪ್ರವಚನದ ದೃಷ್ಟಾಂತದಲ್ಲಿ ಬರುವ ಸಾಹುಕಾರನಿಗೆ ಯಾರೂ ಹೆಸರಿಡುವುದಿಲ್ಲ. ಆದರೆ ಹೆಸರಿಡದೇ ಹೋದರೆ ನೀವು ‘ಅವನು ಯಾರೋ, ನಮಗೇನು’ ಅಂತ ಆರಾಮಾಗಿ ಕೂತುಬಿಡುತ್ತೀರಿ. ಹೆಸರಿಟ್ಟರೆ ಪಕ್ಕದಲ್ಲಿ ಕೂತವರ ಮುಖ ನೋಡುತ್ತೀರಿ. ಅಲ್ಲಿ ನೋಡಬೇಡಿ ತಾಯಿ, ಇಲ್ಲಿ ನೋಡಿ.

ಈ ಮುರಿಗೆಪ್ಪ ಹುಟ್ಟುತ್ತಲೇ ಸಾಹುಕಾರ ಅಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವನು. ಕುಣಿ ಅಂದರೆ ಈಗಿನ ಹುಡುಗರಿಗೆ ಗೊತ್ತಾಗಲಿಕ್ಕಿಲ್ಲ. ಪಡಸಾಲೆಯ ನೆಲದಲ್ಲೇ ಒಂದು ತಗ್ಗು ತೋಡಿರುತ್ತಿದ್ದರು. ನೇಕಾರ ಅದರ ಅಂಚಿಗೆ ಕೂತು, ಕಾಲು ಒಳಗೆ ಬಿಟ್ಟು, ತುಳಿಯುತ್ತ ನೇಯುತ್ತಿದ್ದ. ಇಲ್ಲಿರುವ ಹಿರಿಯರೇ, ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಮಗ್ಗ ಇತ್ತು? ಕೈ ಎತ್ತಿ ನೋಡೋಣ.

ನೋಡಿ, ಎಷ್ಟು ಕೈ! ಕೈ ಎತ್ತುವಾಗಲೇ ಮುಖ ಅರಳಿತಲ್ಲ! ಆ ಸಪ್ಪಳ ಇನ್ನೂ ಕಿವಿಯಲ್ಲಿ ಇದೆ, ಹೌದಿಲ್ಲೋ? ನಸುಕಿನಲ್ಲಿ ಕಣ್ಣು ಬಿಡುವ ಮೊದಲೇ ಓಣಿ ತುಂಬ ಖಟ್ ಖಟ್, ಖಟ್ ಖಟ್. ಒಂದು ಮನೆಯ ಮಗ್ಗ ನಿಂತರೆ ಪಕ್ಕದ ಮನೆಯ ಹೆಣ್ಣುಮಗಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ‘ಯಾಕವ್ವಾ, ಆರಾಮ ಇಲ್ಲೇನು?’ ಅಂತ ಕೇಳುತ್ತಿದ್ದಳು. ಈಗ ಪಕ್ಕದ ಮನೆಯಲ್ಲಿ ಸಪ್ಪಳ ನಿಂತರೆ ‘ಅಬ್ಬಾ, ಪುಣ್ಯ’ ಅನ್ನುತ್ತೇವೆ.

ಇರಲಿ. ಮುರಿಗೆಪ್ಪ ಮೊದಲು ನೇಯ್ದ, ಆಮೇಲೆ ನೇಯಿಸಿದ, ಆಮೇಲೆ ಮಾರಿದ. ಪೇಟೆಯಲ್ಲಿ ಸೀರೆ ಅಂಗಡಿ ಆಯಿತು. ಮಗಳು ಪಕ್ಕದೂರಿಗೆ ಮದುವೆಯಾಗಿ ಹೋದಳು. ಮಗ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂತ. ಹೊಸ ಬಡಾವಣೆಯಲ್ಲಿ ದೊಡ್ಡ ಮನೆ ಎದ್ದಿತು. ಓಣಿಯ ಹಳೇ ಮನೆಗೆ ಬೀಗ ಬಿತ್ತು. ಬೀಗ ಹಾಕಿದ ಮನೆ ಇಟ್ಟುಕೊಂಡು ಏನು ಮಾಡುವುದು, ಮಾರೋಣ ಅಂತ ರಾಜೇಸಾಬ ಅನ್ನುವ ದಲ್ಲಾಳಿಗೆ ಹೇಳಿದ. ಅಂಗಡಿಯಲ್ಲಿ ಹಬ್ಬದ ಗಿರಾಕಿಗಳ ಗದ್ದಲ. ಹಾಗಾಗಿ ಮನೆ ತೋರಿಸಿ ಬಾ ಅಂತ ಹೆಂಡತಿ ದಾನವ್ವನ ಕೈಗೆ ಬೀಗದ ಕೈ ಕೊಟ್ಟು ಕಳಿಸಿದ.

ಮೊದಲು ಬಂದವರು ಬ್ಯಾಂಕಿನ ಸಾಹೇಬರು, ಜೊತೆಗೆ ಅವರ ಹೆಂಡತಿ. ಒಳಗೆ ಕಾಲಿಟ್ಟವಳೇ ಆಕೆ ಕೇಳಿದಳು:

“ಇದೇನ್ರೀ ಅಮ್ಮಾರ, ಪಡಸಾಲ್ಯಾಗ ಇಷ್ಟು ದೊಡ್ಡ ತಗ್ಗು?”

“ಮಗ್ಗದ ಕುಣಿ ತಂಗಿ,” ಅಂದಳು ದಾನವ್ವ. “ಮಳಿಗಾಲದಾಗ ತಳದಾಗ ನೀರು ಜಿನಗತೈತಿ. ನಮ್ಮನಿಯವರು ನೀರಾಗ ಕಾಲಿಟ್ಟುಕೊಂಡ ನೇಯತಿದ್ರು. ಸಂಜಿಕ ಪಾದ ಬೆಳ್ಳಗ ಮುದುಡಿರತಿದ್ವು. ನಾ ಬಟ್ಟಿ ಬಿಸಿ ಮಾಡಿ ಕಾಸತಿದ್ದೆ.”

ಜೊತೆಗೆ ಬಂದಿದ್ದ ರಾಜೇಸಾಬ ಸಾಕು ಅನ್ನುವಂತೆ ಕೆಮ್ಮಿದ. ದಾನವ್ವನಿಗೆ ತಿಳಿಯಲಿಲ್ಲ. ಆಕೆ ಅಡುಗೆಮನೆಗೆ ಕರೆದುಕೊಂಡು ಹೋದಳು.

“ಇಲ್ಲಿ ಭಾಳ ಕತ್ತಲಿ ಅಲ್ರೀ?”

“ಹೌದು ತಂಗಿ, ಕತ್ತಲಿನ ಐತಿ. ಹಗಲೊತ್ತಿನ್ಯಾಗೂ ದೀಪ ಬೇಕು. ನಾ ಸೊಸಿಯಾಗಿ ನಡಿಯಾಕ ಬಂದ ಹೊಸದಾಗ, ಯಾವ ಗಡಿಗ್ಯಾಗ ಏನೈತಿ ಅಂತ ಕಾಣದ ಪಾಯಸಕ್ಕ ಉಪ್ಪು ಸುರುವಿಬಿಟ್ಟಿದ್ದೆ. ನಮ್ಮ ಮಾವನವರು ಒಂದು ಮಾತು ಅನ್ನದ ಬಟ್ಟಲ ಖಾಲಿ ಮಾಡಿ, ‘ಇನ್ನೊಂದೀಟು ಹಾಕವಾ’ ಅಂದ್ರು.”

ಹೇಳುತ್ತ ಹೇಳುತ್ತ ದಾನವ್ವ ನಕ್ಕಳು. ಆದರೆ ಮನೆ ಕೊಳ್ಳಲು ಬಂದವರಿಗೆ ಮಾವನವರ ಪಾಯಸ ಯಾಕೆ ಬೇಕು? ಅವರು ಹೋದರು.

ಎರಡನೆಯವರು ಹೈಸ್ಕೂಲಿನ ಮಾಸ್ತರರು. “ಬಾಗಿಲ ತನಕ ಕಾರು ಬರತೈತೇನ್ರಿ?” ಅಂತ ಕೇಳಿದರು.

“ಕಾರ್ರೀ? ಬಂಡೀನ ಬರಂಗಿಲ್ರೀ ಸರ. ನನ್ನ ಮದವ್ಯಾಗ ಬಂಡಿ ಓಣಿ ಬಾಯಾಗ ನಿಲ್ಲಿಸಿ ನಡಸ್ಕೊಂಡ ಕರ್ಕೊಂಡ ಬಂದಿದ್ರು. ಎರಡೂ ಕಡೆ ಹೊಸ್ತಿಲದಾಗ ಹೆಣ್ಮಕ್ಕಳು ನಿಂತಿದ್ರು. ಹೊಸ ಸೊಸಿ ಮಾರಿ ನೋಡಬೇಕಂತ ಒಬ್ಬರ ಮ್ಯಾಲ ಒಬ್ಬರು ಬೀಳತಿದ್ರು.” ಅಷ್ಟಕ್ಕೇ ಬಿಡಬಾರದೇ? “ಮತ್ತ ಬಾಜೂಕ ಮಗ್ಗ ಅದಾವ್ರಿ. ನಸುಕಿನ್ಯಾಗ ಶುರು ಆಗತಾವು. ನಿಮ್ಮ ಮಕ್ಕಳು ಓದಾಕ ಕುಂತರ ತ್ರಾಸ ಆಗತೈತಿ.”

ಮಾಸ್ತರರೂ ಹೋದರು. ಆಮೇಲೆ ಬಂದವರೂ ಹೋದರು. ಹಿತ್ತಲಿನ ಕಲ್ಲಿನ ಮೇಲೆ ಕೆಂಪು ಕಲೆ ಯಾಕೆ ಅಂದರೆ, ನೂಲಿಗೆ ಬಣ್ಣ ಹಾಕುವಾಗ ಕೊಪ್ಪರಿಗೆ ಉರುಳಿದ ಕಥೆ. ಪಾಯಖಾನೆ ಅಷ್ಟು ದೂರ ಯಾಕೆ ಅಂದರೆ, ಮಗಳು ಚಿಕ್ಕವಳಿದ್ದಾಗ ಹೆದರಿ ಹಾಡು ಹೇಳಿಕೊಳ್ಳುತ್ತ ಹೋಗುತ್ತಿದ್ದ ಕಥೆ. ಕೇಳಿದ್ದಕ್ಕೆಲ್ಲ ಉತ್ತರ, ಉತ್ತರದ ಜೊತೆಗೆ ಒಂದು ನೆನಪು.

ಕಡೆಗೆ ರಾಜೇಸಾಬ ಅಂಗಡಿಗೇ ಬಂದ. “ಸಾವಕಾರ್ರ, ಗಿರಾಕಿ ತರೋದು ನನ್ನ ಕೆಲಸ. ಅವರನ್ನ ಓಡಸೋ ಕೆಲಸ ಅಮ್ಮಾರು ಹಿಡದಾರ್ರಿ,” ಅಂದ.

ಮುರಿಗೆಪ್ಪನಿಗೆ ಸಿಟ್ಟು ನೆತ್ತಿಗೇರಿತು. ಮಧ್ಯಾಹ್ನ ಊಟಕ್ಕೆ ಬಂದವನು ತಾಟಿನ ಮುಂದೆ ಕೂರಲೂ ಇಲ್ಲ.

“ಮಂದಿ ಮುಂದ ಹೆಂಗ ಮಾತಾಡಬೇಕು ಅನ್ನೂದು ನಿನಗ ಯಾವಾಗ ತಿಳಿತೈತಿ?”

“ಏನು ಮಾತಾಡೀನ್ರೀ? ಕೇಳಿದ್ರು, ಹೇಳಿದೆ. ಸುಳ್ಳು ಹೇಳಬೇಕಿತ್ತೇನು?”

“ಸುಳ್ಳು ಹೇಳು ಅಂತ ಯಾರಂದ್ರು? ಬಾಯಿ ಮುಚ್ಕೊಂಡ ಇರು ಅಂತೀನಿ.”

ದಾನವ್ವ ಗೂಟಕ್ಕೆ ಹಾಕಿದ್ದ ಬೀಗದ ಕೈ ತಂದು ಅವನ ಮುಂದೆ ಇಟ್ಟಳು. “ಇಲ್ಲಿ ಹೆಂಗೂ ಬಾಯಿ ಮುಚ್ಕೊಂಡ ಅದೀನಿ. ಅಲ್ಲಿ ನೀವ ಹೋಗ್ರಿ,” ಅಂದಳು.

ಈ ಮಾತು ಸ್ವಲ್ಪ ತಡೆದು ಕೇಳಿ. ಹೊಸ ಮನೆಗೆ ಬಂದ ಮೇಲೆ ಮುರಿಗೆಪ್ಪ ಹೆಂಡತಿಗೆ ಏನೇನು ಹೇಳುತ್ತಿದ್ದ? ‘ಮೆತ್ತಗ ಮಾತಾಡು, ಓಣಿ ಹೆಂಗಸರಂಗ ಒದರಬ್ಯಾಡ. ಸೋಫಾ ಇದ್ದಾಗ ನೆಲಕ್ಯಾಕ ಕೂಡತಿ? ಆ ಸೀರಿ ಉಟ್ಕೊಂಡ ಹೊರಗ ಬರಬ್ಯಾಡ. ಪಲ್ಯಕ್ಕ ಖಾರ ಜಾಸ್ತಿ.’ ಒಂದಾದರೂ ಸುಳ್ಳೇ? ಅಲ್ಲ. ಆಕೆಯ ದನಿ ದೊಡ್ಡದೇ, ಖಾರ ಜಾಸ್ತಿಯೇ. ನೋಡಿ, ಕುಂದು ಹುಡುಕುವವನು ಸುಳ್ಳು ಹೇಳಬೇಕಾಗೇ ಇಲ್ಲ. ಹುಡುಕಿದರೆ ಸಿಕ್ಕೇ ಸಿಗುತ್ತದೆ. ನಿಮ್ಮಲ್ಲೂ ಸಿಗುತ್ತದೆ, ಈ ಗದ್ದುಗೆಯ ಮೇಲೆ ಕೂತ ನನ್ನಲ್ಲೂ ಸಿಗುತ್ತದೆ.

ಮುಂದಿನ ಭಾನುವಾರ ಮುರಿಗೆಪ್ಪ ತಾನೇ ಬೀಗ ತೆಗೆದ. ಬಂದವನು ಒಬ್ಬ ಗುತ್ತಿಗೆದಾರ, ಹೆಂಡತಿಯ ಜೊತೆ. ಕಟ್ಟಡದ ವಿಷಯ ಬಲ್ಲವನು. ಗೋಡೆ ಬಡಿದು ನೋಡಿದ, ಜಂತಿ ಎಣಿಸಿದ.

“ಬಾಗಲಾ ಗಿಡ್ಡ ಐತಿ.”

“ಎತ್ತರ ಮಾಡಿಸೋಣ್ರಿ.”

“ಈ ಕುಣಿ ಮುಚ್ಚಸಬೇಕು.”

“ಮುಚ್ಚಿಸಿ ಕೊಡತೀನ್ರಿ.”

“ಅಡಿಗಿಮನಿಗೆ ಬೆಳಕಿಲ್ಲ.”

“ಗೋಡಿ ಒಡದು ಕಿಡಕಿ ಇಡಸೋಣ್ರಿ.”

ಏನು ಚೆಂದ ವ್ಯಾಪಾರ! ರಾಜೇಸಾಬನ ಮುಖ ಊರಗಲ. ಅಷ್ಟರಲ್ಲಿ ಗುತ್ತಿಗೆದಾರನ ಹೆಂಡತಿ ಕುಣಿಯ ಬಲಗಡೆ ನಿಂತು ಕಾಲಿನಿಂದ ನೆಲ ಒತ್ತಿ ನೋಡಿದಳು. “ಇಲ್ಲಿ ನೋಡ್ರಿ, ನೆಲ ಒಳಗ ಹೋಗೈತಿ. ಇಷ್ಟ ಜಾಗಾ ತಗ್ಗು ಬಿದ್ದೈತಿ. ಬುನಾದಿ ಕುಸದಿರಬೇಕು. ಬ್ಯಾಡ ಬಿಡ್ರಿ ಈ ಮನಿ.”

ಮುರಿಗೆಪ್ಪ ಬಂದು ನೋಡಿದ. ಹೌದು, ತಗ್ಗಿತ್ತು. ತಾಟಿನಷ್ಟು ಅಗಲ, ನುಣ್ಣಗೆ.

‘ಸರಿಮಾಡಿಸಿ ಕೊಡತೀನಿ’ ಅನ್ನಬೇಕಿತ್ತು. ಬಾಯಿಗೆ ಬಂದದ್ದೇ ಬೇರೆ.

“ಬುನಾದಿ ಅಲ್ಲವಾ ತಂಗಿ. ಅಲ್ಲಿ ನಮ್ಮ ಮನ್ಯಾಕಿ ಕೂಡತಿದ್ಲು.”

ನೇಯುವವನು ಒಬ್ಬನೇ ಸೀರೆ ನೇಯುವುದಿಲ್ಲ. ಅತ್ತಿತ್ತ ಓಡುವ ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಯಾರಾದರೂ ಸುತ್ತಿ ಸುತ್ತಿ ಕೊಡುತ್ತಲೇ ಇರಬೇಕು. ಆ ಮಣ್ಣು ನೆಲದ ಮೇಲೆ, ಅದೇ ಜಾಗದಲ್ಲಿ, ದಾನವ್ವ ನೂಲು ಸುತ್ತುವ ರಾಟೆ ಇಟ್ಟುಕೊಂಡು ಕೂತಿದ್ದಳು. ಮದುವೆಯಾಗಿ ಬಂದ ಪೋರಿ ಕೂತಳು, ಬಸುರಿ ಕೂತಳು, ಮಗುವಿಗೆ ಹಾಲು ಕುಡಿಸುತ್ತ ಕೂತಳು. ಸಾರಿಸಿದ ನೆಲ ಸವೆಯಿತು, ಮತ್ತೆ ಸಾರಿಸಿದಳು, ಮತ್ತೆ ಸವೆಯಿತು.

ಮುರಿಗೆಪ್ಪನ ಮಾತು ನಿಲ್ಲಲಿಲ್ಲ. “ಮಗಳು ಹುಟ್ಟಿದಾಗ ಈ ಜಂತಿಗೆ ತೊಟ್ಟಿಲಾ ಕಟ್ಟಿದ್ವಿ. ಅದರ ಹಗ್ಗ ನನ್ನ ಕಾಲ ಹೆಬ್ಬಟ್ಟಿಗೆ ಕಟ್ಟಿರತಿದ್ಲು. ನಾ ತುಳದಂಗ ತೊಟ್ಟಿಲಾ ತೂಗತಿತ್ತು. ಒಂದ್ಸಲ ಯಾರದೋ ಮದವಿ ಸೀರಿ. ಮರುದಿನಾನ ಕೊಡಬೇಕು. ಆಕಿಗೆ ಜ್ವರ. ಮಲಕ್ಕೋ ಅಂದೆ. ‘ನೀವು ನಿಲ್ಲಸತೀರೇನು? ಇಲ್ಲಲ್ಲ. ಹಂಗಾರ ನಾನೂ ನಿಲ್ಲಸಂಗಿಲ್ಲ’ ಅಂದ್ಲು. ರಾತ್ರಿ ಪೂರಾ ಕಂಡಿಕಿ ಸುತ್ತಿ ಕೊಟ್ಲು. ದೊಡ್ಡ ದನಿ ತಗದು ಹಾಡತಿದ್ಲು, ನನಗ ನಿದ್ದಿ ಬರಬಾರದಂತ. ಓಣಿ ತುಂಬ ಕೇಳತಿತ್ತು…”

ಕೇಳಿದಿರಾ? ಯಾವ ದನಿಯನ್ನು ‘ಒದರಬ್ಯಾಡ’ ಅಂತ ಅಡಗಿಸಿದ್ದನೋ, ಅದೇ ದನಿ ಅವನನ್ನು ಎಚ್ಚರ ಇಟ್ಟಿತ್ತು.

ಗುತ್ತಿಗೆದಾರ ಹೆಂಡತಿಯ ಮುಖ ನೋಡಿದ. ಇಬ್ಬರೂ ಚಪ್ಪಲಿ ಮೆಟ್ಟಿಕೊಂಡರು. ರಾಜೇಸಾಬ ತಲೆ ಮೇಲೆ ಕೈ ಹೊತ್ತುಕೊಂಡು, “ನೀವೂ ಅಮ್ಮಾರೂ ಒಂದ ಆದ್ರಲ್ರೀ ಸಾವಕಾರ್ರ,” ಅಂದ.

ಮುರಿಗೆಪ್ಪ ಅಂಗಡಿಗೆ ಹೋಗಲಿಲ್ಲ, ನೇರ ಮನೆಗೆ ಬಂದ. ದಾನವ್ವ ಅಡುಗೆಮನೆಯ ಬಾಗಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಇವನೂ ಆಕೆಯ ಎದುರು ನೆಲಕ್ಕೆ ಕೂತ. ಆಕೆಗೆ ಗಾಬರಿ.

“ಯಾಕ್ರೀ? ಆರಾಮ ಇಲ್ಲೇನು?”

“ಆರಾಮ ಅದೀನಿ. ಒಂದ ಕೇಳತೀನಿ, ಹೇಳು. ಮನಿ ಮಾರಬಾರದು ಅಂತನ ಅವರ ಮುಂದ ಹಂಗ ಹೇಳಿದಿ?”

“ಇಲ್ರೀ,” ಅಂದಳು. ಕೈ ಸೊಪ್ಪಿನಲ್ಲೇ ಇತ್ತು. “ಮಾರ್ರಿ ಅಂತ ನಾನೂ ಅಂದಿದ್ದೆ. ಅವರು ಬಂದು ‘ಇದೇನ್ರೀ, ಅದೇನ್ರೀ’ ಅಂತ ಕೇಳತಿದ್ರು. ನನ್ನ ಯಾರಾದ್ರೂ ಏನಾದ್ರೂ ಕೇಳಿ ಭಾಳ ದಿನ ಆಗಿತ್ತು. ಕೇಳಿದ್ರಲ್ಲ ಅಂತ ಹೇಳಿಕೋತ ಹೋದೆ.”

ಮುರಿಗೆಪ್ಪ ಒಂದು ಹಿಡಿ ಸೊಪ್ಪು ತಗೊಂಡು ತಾನೂ ಬಿಡಿಸತೊಡಗಿದ. ಅಡ್ಡಾದಿಡ್ಡಿ ಬಿಡಿಸಿದ, ಆಕೆ ತಪ್ಪು ಹಿಡಿಯಲಿಲ್ಲ. ಬಿಡಿಸುತ್ತಲೇ ಅವನು ಕೇಳಿದ: “ಆ ಜ್ವರದಾಗ ಹಾಡಿದ್ದು ಯಾವ ಹಾಡು?”

“ನೆನಪಿಲ್ಲ ಬಿಡ್ರಿ,” ಅಂದಳು. ಆಮೇಲೆ ಒಂದು ಸಾಲು ಮೆಲ್ಲಗೆ ಅಂದಳು. ಆಮೇಲೆ ಇನ್ನೊಂದು ಸಾಲು, ಸ್ವಲ್ಪ ಜೋರಾಗಿ.

ಹಾಗಾದರೆ ಆ ಮನೆ ಉಳಿಯಿತೇ ಅಂತ ಕೇಳುತ್ತೀರಿ. ಉಳಿಯಲಿಲ್ಲ. ಯುಗಾದಿ ಹೊತ್ತಿಗೆ ಒಬ್ಬ ನೂಲಿನ ವ್ಯಾಪಾರಿ ಕೊಂಡ. ಅವನಿಗೆ ಮನೆ ಬೇಕಿರಲಿಲ್ಲ, ಜಾಗ ಬೇಕಿತ್ತು. ಕೆಡವಿ ಗೋದಾಮು ಕಟ್ಟಿಸಿದ. ಕೆಡವುವ ದಿನ ಗಂಡ ಹೆಂಡತಿ ಇಬ್ಬರೂ ಓಣಿಯಲ್ಲಿ ನಿಂತು ನೋಡಿದರು. ದಾನವ್ವ ಅತ್ತಳು. ಪಕ್ಕದ ಮನೆಯ ಮುದುಕಿ, “ಬಾಳೇವು ಮಾಡಿದ ಮನಿ ಹೋತಲ್ಲೋ ಮುರಿಗೆಪ್ಪಾ,” ಅಂದಳು. ಅವನು ಅಂದ, “ಹೋತು ಬಿಡವಾ. ಬಾಳೇವು ಮಾಡಿದಾಕಿ ಇಲ್ಲೇ ಅದಾಳ.”

ಈಗ ನಿಮ್ಮ ಕಡೆ ಬರೋಣ. ಮನೆ ಕೊಳ್ಳಲು ಹೋದಾಗ ಕುಂದು ನೋಡಿ, ತಪ್ಪಿಲ್ಲ. ಜಂತಿ ನೋಡಿ, ಗೋಡೆ ಬಡಿದು ನೋಡಿ. ಆದರೆ ಕೊಳ್ಳುವವರ ಆ ಕಣ್ಣನ್ನು ಮನೆಯೊಳಗೆ ಇಟ್ಟುಕೊಂಡು ಯಾಕೆ ಓಡಾಡುತ್ತೀರಿ? ಮಗನಿಗೆ ಹೆಣ್ಣು ನೋಡಲು ಹೋದಾಗ ತೆರೆದ ಕಣ್ಣು, ಸೊಸೆ ಬಂದು ಮೊಮ್ಮಗು ಹುಟ್ಟಿದರೂ ಮುಚ್ಚಲಿಲ್ಲವಲ್ಲ ತಾಯಿ! ಬಣ್ಣ ಕಡಿಮೆ, ಮಾತು ಜಾಸ್ತಿ, ಕೈ ನಿಧಾನ. ಇನ್ನೂ ವ್ಯಾಪಾರ ಮುಗಿದಿಲ್ಲವೇ ನಿಮ್ಮದು? ಮತ್ತೆ ಯಜಮಾನರೇ, ನಗಬೇಡಿ. ನಿಮ್ಮ ಹೆಂಡತಿಯ ಮೊಣಕಾಲು ನೋಯುತ್ತದೆ, ಆಕೆ ಮೆಟ್ಟಿಲು ಹತ್ತುವುದು ತಡ. ‘ಎಷ್ಟು ತಡ’ ಅಂತ ಕೂಗುತ್ತೀರಿ. ಆ ಮೊಣಕಾಲು ಯಾರ ಮನೆಯ ನೆಲ ಒರೆಸಿ ಸವೆಯಿತು? ಯಾರ ತಾಯಿಯನ್ನು ಎತ್ತಿ ಕೂರಿಸಿ ಸವೆಯಿತು? ನಿಮಗೆ ಕುಂದಾಗಿ ಕಾಣುವುದು ನಿಮಗಾಗಿ ಸವೆದ ಜಾಗ. ಇನ್ನೊಮ್ಮೆ ಹೇಳುತ್ತೇನೆ, ನಿಮಗಾಗಿ ಸವೆದ ಜಾಗ.

ದೊಡ್ಡ ವ್ರತ ಏನೂ ಹೇಳುವುದಿಲ್ಲ ನಾನು. ಇವತ್ತು ಊಟಕ್ಕೆ ಕೂತಾಗ ಬಡಿಸಿದವರ ಅಡುಗೆಯಲ್ಲಿ ಕುಂದು ಹುಡುಕಬೇಡಿ. ಟಿವಿ ಬಂದ್ ಮಾಡಿ. ಮನೆಯಲ್ಲಿ ಯಾರ ಹತ್ತಿರ ಮಾತು ಕಡಿಮೆ ಆಗಿದೆ ಅಂತ ನಿಮಗೇ ಗೊತ್ತು. ತಂದೆ ಇರಬಹುದು, ಹೆಂಡತಿ ಇರಬಹುದು, ಸೊಸೆ ಇರಬಹುದು. ಅವರ ಹತ್ತಿರ ಹೋಗಿ ಕೂತು ಏನಾದರೂ ಒಂದು ಕೇಳಿ. ಲೆಕ್ಕ ಕೇಳಬೇಡಿ, ತಪ್ಪು ಕೇಳಬೇಡಿ. ‘ನೀ ಸಣ್ಣಾಕಿದ್ದಾಗ ನಿಮ್ಮನ್ಯಾಗ ಹೆಂಗಿತ್ತು?’ ಅಂತ ಕೇಳಿ. ಮೊದಲ ದಿನ ‘ಯಾಕ, ಏನಾತು ನಿಮಗ?’ ಅಂತಾರೆ, ಅನುಮಾನ ಪಡುತ್ತಾರೆ. ಪಡಲಿ. ಮರುದಿನವೂ ಕೇಳಿ. ಅವರು ಹೇಳಲು ಶುರು ಮಾಡಿದರೆ ನಡುವೆ ಬಾಯಿ ಹಾಕಬೇಡಿ, ಮುಗಿಯುವ ತನಕ ಕೇಳಿ.

ಏಳಿ. ನಾಳೆ ಇಲ್ಲಿಗೆ ಬರುವುದು ತಡವಾದರೂ ಚಿಂತೆ ಇಲ್ಲ. ಮನೆಯಲ್ಲಿ ಯಾರದೋ ಮಾತು ಕೇಳುತ್ತ ಕೂತಿದ್ದೆವು ಅಂತ ಹೇಳಿ, ಅದೇ ಪ್ರವಚನ ಅಂತ ತಿಳಿಯುತ್ತೇನೆ.